ಕುಂದುಜ್ ಎಂದಾಗ ಬಿದ್ದ ಚಪ್ಪಾಳೆ

ನಾನು ಕೊನೆಯದಾಗಿ ಗೆದ್ದ ಚರ್ಚಾಸ್ಪರ್ಧೆ 2020ರ ಮಾರ್ಚ್ ಮೊದಲ ವಾರದ್ದು. ಮೈಸೂರಿನ ಒಂದು ಕಾಲೇಜಿನ ಸಭಾಂಗಣ, ಊಟದ ನಂತರದ ಹೊತ್ತು. ವಿಷಯ: "ಈ ಸಭೆಯ ಅಭಿಪ್ರಾಯದಲ್ಲಿ ಅಫ್ಘಾನಿಸ್ತಾನದಿಂದ ವಿದೇಶಿ ಸೇನೆಗಳು ಹಿಂದೆ ಸರಿಯಬೇಕು." ಫೆಬ್ರವರಿ 29ರಂದು ಕತಾರ್‌ನ ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದಕ್ಕೆ ಸಹಿ ಹಾಕಿದ್ದವು. ಹದಿನಾಲ್ಕು ತಿಂಗಳಲ್ಲಿ ಸೈನ್ಯ ಪೂರ್ತಿ ಹೊರಡುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ಇನ್ನೂ ಬಿಸಿಯಾಗಿತ್ತು. ಚೀಟಿ ಎತ್ತಿದಾಗ ನನಗೆ 'ಪರ' ಬಂತು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ನಮ್ಮ ತರಗತಿಯಲ್ಲಿ ಇಬ್ಬರು ಅಫ್ಘನ್ ಸಹಪಾಠಿಗಳಿದ್ದರು. ಮೈಸೂರಿನಲ್ಲಿ ಓದಿದವರಿಗೆ ಇದು ಹೊಸದಲ್ಲ. ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಲ್ಲಿಂದ ಬಂದವರು ಮಾನಸಗಂಗೋತ್ರಿಯಲ್ಲೂ ಸರಸ್ವತಿಪುರಂನ ಬಾಡಿಗೆ ಮನೆಗಳಲ್ಲೂ ಸಿಗುತ್ತಿದ್ದರು. ಇವರಿಬ್ಬರಲ್ಲಿ ಆತ ಕಾಬೂಲಿನ ಪಶ್ಚಿಮಕ್ಕಿರುವ ವರ್ದಕ್ ಪ್ರಾಂತ್ಯದ ಹಳ್ಳಿಯವನು, ಸೇಬಿನ ತೋಟದ ಮನೆಯವನು. ಆಕೆ ಕಾಬೂಲಿನ ದಶ್ತ್-ಎ-ಬರ್ಚಿ ಬಡಾವಣೆಯವಳು, ಹಜಾರಾ ಎಂಬ ಅಲ್ಪಸಂಖ್ಯಾತ ಶಿಯಾ ಸಮುದಾಯದ ಹುಡುಗಿ. "ನಿಮ್ಮ ದೇಶದ ಬಗ್ಗೆ ಮಾತಾಡ್ತಿದ್ದೀನಿ, ಬನ್ನಿ" ಎಂದು ನಾನೇ ಕರೆದಿದ್ದೆ. ಸ್ಪರ್ಧೆ ಕನ್ನಡದಲ್ಲಿ ಎಂಬುದು ಕರೆಯುವಾಗ ನನಗೆ ದೊಡ್ಡ ವಿಷಯವೆನಿಸಲಿಲ್ಲ. ಇಬ್ಬರೂ ಬಂದು ಮೂರನೆಯ ಸಾಲಿನಲ್ಲಿ ಕೂತರು.

ಐದು ನಿಮಿಷ, ನಾಲ್ಕಕ್ಕೆ ಎಚ್ಚರಿಕೆಯ ಗಂಟೆ. ನಾನು 1842ರಿಂದ ಶುರು ಮಾಡಿದೆ. ಕಾಬೂಲಿನಿಂದ ಹಿಮದಲ್ಲಿ ಹೊರಟ ಬ್ರಿಟಿಷರ ಸುಮಾರು ಹದಿನಾರು ಸಾವಿರ ಜನರ ದಂಡು, ಕುದುರೆಯ ಮೇಲೆ ಒಬ್ಬನೇ ಜಲಾಲಾಬಾದ್ ಮುಟ್ಟಿದ ವೈದ್ಯ ಬ್ರೈಡನ್. ಅಲ್ಲಿಂದ 1989ರ ಫೆಬ್ರವರಿ 15ಕ್ಕೆ ಹಾರಿದೆ. ಸೋತು ಹೊರಟ ಸೈನ್ಯದ ಕೊನೆಯವನಾಗಿ, ಗಡಿಯ ಅಮು ದರ್ಯಾ ನದಿಯ ಸೇತುವೆಯನ್ನು ನಡೆದು ದಾಟಿದ ಸೋವಿಯತ್ ಜನರಲ್ ಗ್ರೋಮೊವ್. ಆಮೇಲೆ 2015ರ ಅಕ್ಟೋಬರ್ 3, ಕುಂದುಜ್ ನಗರದ ಆಸ್ಪತ್ರೆ. ಗಡಿಗಳಿಲ್ಲದ ವೈದ್ಯರ ಸಂಸ್ಥೆ ನಡೆಸುತ್ತಿದ್ದ ಅದರ ನೆಲೆಯ ಗುರುತು ಅಮೆರಿಕದ ಸೇನೆಗೆ ಮೊದಲೇ ಗೊತ್ತಿತ್ತು. ಆದರೂ ವಿಮಾನ ಸುಮಾರು ಒಂದು ಗಂಟೆ ಸುತ್ತಿ ಸುತ್ತಿ ದಾಳಿ ಮಾಡಿತು. ನಲವತ್ತೆರಡು ಜನ ಸತ್ತರು. "ಹಾಸಿಗೆಯಿಂದ ಏಳಲಾರದ ರೋಗಿಯನ್ನು ಹಾಸಿಗೆಯಲ್ಲೇ ಸುಟ್ಟವರು ಯಾರ ರಕ್ಷಕರು?" ಎಂದು ದನಿ ಏರಿಸಿ ನಿಲ್ಲಿಸಿದೆ. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಕೊನೆಗೆ ನಮ್ಮ ಕಥೆ: 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ದಾಟಿ ಹಡಗು ಹತ್ತಿತು, ನಾವೇನು ಹಾಳಾಗಿಹೋದೆವೇ?

ವಿರೋಧ ಮಾತಾಡಿದ ಹುಡುಗನೂ ಚೆನ್ನಾಗಿ ಓದಿಕೊಂಡಿದ್ದ. ಸೋವಿಯತ್ ಸೈನ್ಯ ಹೋದ ಮೂರು ವರ್ಷಕ್ಕೆ ಅವರ ಬೆಂಬಲದ ನಜೀಬುಲ್ಲಾ ಸರ್ಕಾರ ಕುಸಿಯಿತು, ಕಾಬೂಲನ್ನು ಸೋವಿಯತ್ ವಿರುದ್ಧ ಹೋರಾಡಿದ್ದ ಮುಜಾಹಿದೀನ್ ಬಣಗಳು ಹಂಚಿಕೊಂಡು ರಾಕೆಟ್ ಹೊಡೆದುಕೊಂಡವು, 1996ರಲ್ಲಿ ತಾಲಿಬಾನ್ ಬಂತು ಎಂದ. ಹೆಣ್ಣುಮಕ್ಕಳ ಶಾಲೆಯ ಮಾತಿಗೆ ಅವನಿಗೂ ಚಪ್ಪಾಳೆ ಬಿತ್ತು. ಮೊದಲ ಬಹುಮಾನ, ಪರ್ಯಾಯ ಪಾರಿತೋಷಕ, ಎರಡೂ ನನಗೆ ಬಂದವು.

ಹೊರಗೆ ಚಹದಂಗಡಿಯ ಮುಂದೆ ಮೂವರೂ ನಿಂತೆವು. ಇಬ್ಬರೂ ಕೈಕುಲುಕಿ ಅಭಿನಂದಿಸಿದರು. ಆಮೇಲೆ ಆಕೆ ತನ್ನ ಹಿಂದಿಯಲ್ಲಿ ಕೇಳಿದಳು: "ನಮಗೆ ಊರುಗಳ ಹೆಸರು ಮಾತ್ರ ಅರ್ಥವಾಯ್ತು. ನೀನು ಕುಂದುಜ್ ಅಂದೆ, ಎಲ್ಲರೂ ಚಪ್ಪಾಳೆ ಹೊಡೆದರು. ಯಾಕೆ?"

ನಾನು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಸುಟ್ಟುಹೋದ ರೋಗಿಗಳಿಗೆ ಚಪ್ಪಾಳೆ ಎಂದು ಹೇಗೆ ಹೇಳುವುದು? ನನ್ನ ಅರೆಬರೆ ಹಿಂದಿಯಲ್ಲಿ ಪ್ರಾಸವಿಲ್ಲ, ಏರಿಳಿತವಿಲ್ಲ. ಐದು ನಿಮಿಷದ ಭಾಷಣ ನಾಲ್ಕು ವಾಕ್ಯಕ್ಕೆ ಇಳಿಯಿತು: ಹೊರಗಿನವರು ಬಂದರು, ಕೊಂದರು, ಅವರು ಹೋಗಬೇಕು, ನಾವೂ ಹೀಗೆ ಕಳಿಸಿದ್ದೇವೆ.

ಆತ ಗಾಜಿನ ಲೋಟ ಕೆಳಗಿಟ್ಟು "ಸರಿಯಾಗಿಯೇ ಹೇಳಿದ್ದೀಯ" ಎಂದ. ಅವನ ಹಳ್ಳಿಗೆ ರಾತ್ರಿ ದಾಳಿ ಎಂದರೆ ಏನೆಂದು ಗೊತ್ತಿತ್ತು. ಹೆಲಿಕಾಪ್ಟರ್ ಸದ್ದು, ಒಡೆದ ಬಾಗಿಲು, ನಾಯಿಗಳು. ಅವನ ದೊಡ್ಡಪ್ಪನನ್ನು ಹಾಗೆ ಎಳೆದೊಯ್ದು ಹನ್ನೊಂದು ದಿನದ ಮೇಲೆ, ಬೇರೆ ಯಾರೋ ಎಂದುಕೊಂಡಿದ್ದೆವು ಅಂತ ಬಿಟ್ಟರಂತೆ. ಕತ್ತಲಾದ ಮೇಲೆ ತೋಟಕ್ಕೆ ಟಾರ್ಚ್ ಹಿಡಿದು ಹೋಗುವಂತಿಲ್ಲ, ಮೇಲಿನಿಂದ ನೋಡುವವನಿಗೆ ಅದು ಬಂದೂಕಿನಂತೆ ಕಂಡರೆ ಮುಗಿಯಿತು. 2019ರ ಮೊದಲ ಆರು ತಿಂಗಳಲ್ಲಿ ಬಂಡುಕೋರರಿಗಿಂತ ಸರ್ಕಾರಿ ಮತ್ತು ವಿದೇಶಿ ಪಡೆಗಳೇ ಹೆಚ್ಚು ನಾಗರಿಕರನ್ನು ಕೊಂದದ್ದನ್ನು ವಿಶ್ವಸಂಸ್ಥೆಯೇ ಲೆಕ್ಕಹಾಕಿ ಹೇಳಿತ್ತು. ಅದನ್ನು ನಾನೂ ಓದಿದ್ದೆ. ಟಾರ್ಚಿನ ವಿಷಯ ನನಗೆ ಗೊತ್ತಿರಲಿಲ್ಲ.

ಆಕೆ ಒಪ್ಪಲಿಲ್ಲ. "ಅವರು ಹೋದ ಮಾರನೇ ದಿನ ನನ್ನ ಬೀದಿಯಲ್ಲಿ ಯಾರಿರ್ತಾರೆ?" ಎಂದಳು. 2018ರ ಆಗಸ್ಟ್‌ನಲ್ಲಿ ಅವರ ಬಡಾವಣೆಯ ಒಂದು ಟ್ಯೂಷನ್ ಕೇಂದ್ರದಲ್ಲಿ ಬಾಂಬ್ ಸಿಡಿದು, ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಹತ್ತಾರು ಮಂದಿ ಸತ್ತಿದ್ದರು.

"ಅದು ಐಸಿಸ್‌ನವರದ್ದು" ಎಂದ ಆತ. "ಆಗ ವಿದೇಶಿ ಸೈನ್ಯ ಕಾಬೂಲಿನಲ್ಲೇ ಇತ್ತಲ್ಲ. ಏನು ಕಾಪಾಡಿತು?"

"ಕಾಪಾಡಿತು ಅಂತ ನಾನು ಹೇಳಿದ್ನಾ? ದೋಹಾದಲ್ಲಿ ಐದು ಸಾವಿರ ತಾಲಿಬಾನ್ ಕೈದಿಗಳನ್ನು ಬಿಡ್ತೀವಿ ಅಂತ ಒಪ್ಪಿಕೊಂಡರು. ಜೈಲು ನಮ್ಮದು, ಕೈದಿಗಳು ನಮ್ಮವರು, ಸತ್ತವರು ನಮ್ಮವರು. ನಮ್ಮ ಸರ್ಕಾರದವರು ಒಬ್ಬರೂ ಆ ಮೇಜಿನ ಮುಂದೆ ಇರಲಿಲ್ಲ." ನನ್ನ ಕಡೆ ತಿರುಗಿದಳು. "ಬ್ರಿಟಿಷರು ಹೋಗುವಾಗ ನಿಮ್ಮ ಜೊತೆ ಮಾತಾಡಿ ಹೋದರೋ, ಬೇರೆ ಯಾರ ಜೊತೆಯಾದರೂ ಮಾತಾಡಿ ಹೋದರೋ?"

ಇದಕ್ಕೆ ಉತ್ತರ ನನಗೆ ಗೊತ್ತಿತ್ತು, ಪಠ್ಯದಲ್ಲೇ ಇತ್ತು. ಕೊನೆಯ ಪಡೆ ಹಡಗು ಹತ್ತುವ ಎಷ್ಟೋ ಮುಂಚೆ, 1946ರ ಡಿಸೆಂಬರ್ 9ಕ್ಕೇ ನಮ್ಮ ಸಂವಿಧಾನ ಸಭೆ ದೆಹಲಿಯಲ್ಲಿ ಕೂತಿತ್ತು. ನೆಹರೂ, ಪಟೇಲ್, ಜಿನ್ನಾ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದ್ದರು. ಅಷ್ಟಾಗಿಯೂ ವಿಭಜನೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ನನ್ನ ಭಾಷಣದಲ್ಲಿ ಹಡಗು ಮಾತ್ರ ಇತ್ತು, ಇದೊಂದೂ ಇರಲಿಲ್ಲ.

ಅವರಿಬ್ಬರೂ ನಡುವೆ ತಮ್ಮ ಭಾಷೆಗಳಾದ ದರಿ, ಪಷ್ತೋಗಳಿಗೆ ಹೊರಳಿದರು. ನಿಜವಾದ ಚರ್ಚೆ ಆಗ ಶುರುವಾಯಿತು, ಮತ್ತು ಈ ಸಲ ಅರ್ಥವಾಗದೆ ಊರುಗಳ ಹೆಸರು ಮಾತ್ರ ಹಿಡಿಯುತ್ತ ನಿಂತವಳು ನಾನು. ಅಂಗಡಿಯವರು ಲೋಟ ಕೇಳುವವರೆಗೂ ಮುಗಿಯಲಿಲ್ಲ.

ಕೆಲವೇ ದಿನಗಳಲ್ಲಿ ಲಾಕ್‌ಡೌನ್ ಬಂತು. ಆಮೇಲೆ ವಿಮಾನ ಸಿಕ್ಕಿದ್ದೇ ಆತ ಊರಿಗೆ ಹೋದ, ಆನ್‌ಲೈನ್ ತರಗತಿಗೆ ಸೇಬಿನ ತೋಟದಿಂದ ಹಾಜರಾಗುತ್ತಿದ್ದ. ಆಕೆ ಮೈಸೂರಿನಲ್ಲೇ ಉಳಿದಳು.

2021ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಸೈನ್ಯ ಹೊರಡುವ ದಿನಾಂಕ ಘೋಷಿಸಿದಾಗ ನಾನು ಸಂತೋಷಪಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಹೊರಗಿನ ಸೈನ್ಯ ಇಪ್ಪತ್ತು ವರ್ಷ ಇನ್ನೊಬ್ಬರ ನೆಲದಲ್ಲಿ ಇರಬಾರದು ಎಂದು ಇವತ್ತಿಗೂ ನಂಬುತ್ತೇನೆ. ಆದರೆ ಜುಲೈ ಮೊದಲಲ್ಲಿ ಬಗ್ರಾಮ್ ವಾಯುನೆಲೆಯಿಂದ ರಾತ್ರೋರಾತ್ರಿ, ಅದನ್ನು ವಹಿಸಿಕೊಳ್ಳಬೇಕಿದ್ದ ಅಫ್ಘನ್ ಅಧಿಕಾರಿಗೂ ತಿಳಿಸದೆ ಅಮೆರಿಕದವರು ಜಾಗ ಖಾಲಿ ಮಾಡಿದ ಸುದ್ದಿ ಓದಿದಾಗ ಆಕೆಯ ಪ್ರಶ್ನೆ ನೆನಪಾಯಿತು. ಅಫ್ಘನ್ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದ ಗುತ್ತಿಗೆ ತಂತ್ರಜ್ಞರೂ ಹೊರಟುಹೋಗಿದ್ದರು. ರೆಕ್ಕೆ ಕಿತ್ತು ಹಾರು ಎಂದ ಹಾಗೆ.

ಆಗಸ್ಟ್ 15ರ ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳು ಬಾವುಟ ಹಿಡಿದು ಶಾಲೆಯತ್ತ ಹೊರಟಿದ್ದವು. ಸಂಜೆಯೊಳಗೆ ಕಾಬೂಲ್ ತಾಲಿಬಾನ್ ಕೈಯಲ್ಲಿತ್ತು, ಅಧ್ಯಕ್ಷ ಘನಿ ದೇಶ ಬಿಟ್ಟಿದ್ದರು. ಆಕೆಯ ಕೋಣೆಗೆ ಹೋದೆ. ಎರಡು ಫೋನ್ ಮುಂದಿಟ್ಟುಕೊಂಡು ಕೂತಿದ್ದಳು. ಹೇಳುವಂಥ ಮಾತು ನನ್ನಲ್ಲಿ ಇರಲಿಲ್ಲ. ಅನ್ನ ಮಾಡಿದೆ, ಇಬ್ಬರೂ ತಿನ್ನಲಿಲ್ಲ. ಹತ್ತು ದಿನದ ಮೇಲೆ, ಭಾರತದಲ್ಲಿಲ್ಲದ ಅಫ್ಘನ್ನರ ಹಳೆಯ ವೀಸಾಗಳೆಲ್ಲ ರದ್ದು ಎಂಬ ಆದೇಶ ಬಂತು. ಆತನ ಎರಡು ವರ್ಷದ ಓದು, ಪುಸ್ತಕಗಳ ಪೆಟ್ಟಿಗೆ ಎಲ್ಲ ಇಲ್ಲೇ ಉಳಿದವು. ಪೆಟ್ಟಿಗೆ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ.

ಸೆಪ್ಟೆಂಬರ್ ಕೊನೆಗೆ ಅವನದೊಂದು ಧ್ವನಿ ಸಂದೇಶ ಬಂತು. ಸೇಬು ಕೊಯ್ಲು ಶುರುವಾಗಿದೆ ಎಂದ. ನಿನ್ನೆ ರಾತ್ರಿ ತೋಟಕ್ಕೆ ಟಾರ್ಚ್ ಹಿಡಿದು ಹೋದೆ, ಒಬ್ಬನೇ, ಮೇಲೆ ಏನೂ ಸದ್ದಿಲ್ಲ, ಅಲ್ಲೇ ಮರದ ಬುಡದಲ್ಲಿ ಮಲಗಿ ನಿದ್ದೆ ಮಾಡಿದೆ ಎಂದ. ನಂತರ ದನಿ ತಗ್ಗಿಸಿ, ತಂಗಿ ಆರನೇ ತರಗತಿ, ಮುಂದಕ್ಕೆ ಹುಡುಗಿಯರಿಗೆ ಶಾಲೆ ಇಲ್ಲವಂತೆ, ಅವಳಿಗೆ ಇನ್ನೂ ಹೇಳಿಲ್ಲ ಎಂದ.

ಅದನ್ನು ಆಕೆಗೆ ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡು ಕೇಳಿದಳು. "ಅವನಿಗೆ ನಿದ್ದೆ ಬಂತಲ್ಲ, ಬರಲಿ, ಎಷ್ಟು ವರ್ಷದ ನಿದ್ದೆಯೋ ಏನೋ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ತಂಗಿ ಕಾಬೂಲಿನಲ್ಲಿ ರಾತ್ರಿಯೆಲ್ಲ ಎದ್ದೇ ಕೂತಿರ್ತಾಳೆ, ಅದನ್ನೂ ಅವನಿಗೆ ಹೇಳು" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.