ಕಾಜಾಣ ನಮ್ಮನ್ನು ಆಡಿಸಿದ ದಿನ

ಅಕ್ಟೋಬರ್ ಮೂರನೇ ಭಾನುವಾರ. ಮಳೆಗಾಲ ಮುಗೀತು ಅಂತ ಕೊಡೆಯನ್ನು ಅಟ್ಟಕ್ಕೆ ಹಾಕಿ ಆಗಿತ್ತು. ಮುಂಬೈ ಹತ್ತಿರದ ಪನ್ವೇಲ್ ಸ್ಟೇಷನ್ನಿನಲ್ಲಿ ಇಳಿಯುವಾಗಲೇ ಚಿತ್ತೆ ಮಳೆ ಹಿಡಿಯಿತು. ಇಲ್ಲಿನವರು ಇದಕ್ಕೆ ‘ಪರತೀಚಾ ಪಾವುಸ್’ ಅನ್ನುತ್ತಾರೆ, ವಾಪಸ್ ಹೋಗುವ ಮಳೆ. ಹೊರಟೆ ಅಂತ ಹೇಳಿ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ.

“ಬಂದದ್ದು ಬಂದಾಯ್ತು, ಹೋಗುವಾ ಮಾರಾಯ್ರೆ,” ಅಂದರು ಜೊತೆಗಿದ್ದ ಶೆಟ್ರು. ಊರು ಕಾರ್ಕಳ. ಮುಂಬೈಯ ಮುಲುಂಡಿನಲ್ಲಿ 30 ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು.

ಗೋವಾ ಹೆದ್ದಾರಿಯಲ್ಲಿ ಎಸ್‌ಟಿ ಬಸ್ಸು, ಅಂದರೆ ಇಲ್ಲಿನ ಸರ್ಕಾರಿ ಬಸ್ಸು, ಹಿಡಿದರೆ ಸುಮಾರು 12 ಕಿ.ಮೀ. ದೂರಕ್ಕೆ ಕರ್ನಾಳಾ ಪಕ್ಷಿಧಾಮ. ಹೆಬ್ಬೆರಳು ಎತ್ತಿ ನಿಂತಂಥ ಕೋಟೆಯ ಬಂಡೆ ದೂರದಿಂದಲೇ ಕಾಣುತ್ತದೆ. ಅವತ್ತು ಮೋಡ ಅದನ್ನೂ ನುಂಗಿತ್ತು.

ಹರಿಯಾಲ್ ದಾರಿ ಹಿಡಿದೆವು. ಹರಿಯಾಲ್ ಅಂದರೆ ಹಸಿರು ಪಾರಿವಾಳ, ಮಹಾರಾಷ್ಟ್ರದ ರಾಜ್ಯಪಕ್ಷಿ. ಒಂದೂ ಕಾಣಲಿಲ್ಲ ಬಿಡಿ. ಮಳೆಗಾಲದಲ್ಲಿ ಇಲ್ಲಿ ಗೂಡು ಮಾಡುವ ಮೂರು ಬೆರಳಿನ ಪುಟಾಣಿ ಮಿಂಚುಳ್ಳಿಯೂ ಸಿಗಲಿಲ್ಲ. ಬೈನಾಕ್ಯುಲರ್ ಮಂಜು ಹಿಡಿದು ದಂಡ. ಒರೆಸೋಣ ಅಂದರೆ ಅಂಗಿಯೂ ಒದ್ದೆ.

ಹಾಗಾಗಿ ಕಿವಿಯೇ ಗತಿ. ಬಲಗಡೆ ಶಿಕ್ರ ಗಿಡುಗ ಕೂಗಿತು. ಬಗ್ಗಿ ನೋಡಿದೆವು, ಏನಿಲ್ಲ. ಅದೇ ಮರದಿಂದ ಹರಟೆಮಲ್ಲನ ಗಲಾಟೆ. ಅಲ್ಲೂ ಖಾಲಿ. ಆಮೇಲೆ ಯಾವುದೋ ಗೊತ್ತಿಲ್ಲದ ಸಿಳ್ಳೆ. ಇಷ್ಟೊಂದು ಹಕ್ಕಿ ಒಂದೇ ಮರದಲ್ಲಾ ಅಂತ ನನಗೆ ಖುಷಿಯೋ ಖುಷಿ.

ಶೆಟ್ರು ಮಾತ್ರ ನಕ್ಕರು. “ಎಲ್ಲಾ ಒಬ್ಬನದೇ ಸ್ವರ. ಗಲ್ಲಾದಲ್ಲಿ ಕೂತು ಕೇಳಿ ಕೇಳಿ ನನಗೆ ಗೊತ್ತಾಗ್ತದೆ.”

ಹೌದು, ಭೀಮರಾಜ ಕಾಜಾಣ! ಹತ್ತು ಅಡಿ ದೂರದ ಕೊಂಬೆಯಲ್ಲೇ ಕೂತಿತ್ತು. ನೆತ್ತಿಯ ಜುಟ್ಟು ನೆನೆದು ಹಣೆಗೆ ಅಂಟಿತ್ತು. ಬಾಲದಿಂದ ಇಳಿಯುವ ಎರಡು ತಂತಿಗಳಲ್ಲಿ ಒಂದು ಅರ್ಧಕ್ಕೇ ತುಂಡಾಗಿತ್ತು. ಇನ್ನೊಂದರ ತುದಿಯಲ್ಲಿ ಚಮಚದಂಥ ಗರಿ. ನೀರ ಹನಿ ತಂತಿಗುಂಟ ಜಾರಿ ಬಂದು ಆ ಚಮಚದಲ್ಲಿ ಒಂದು ಗಳಿಗೆ ನಿಂತು ಬಿತ್ತು. ಬೇರೆ ಹಕ್ಕಿಗಳ ದನಿ ಕದಿಯುವುದು ಇದಕ್ಕೆ ಸುಮ್ನೆ ಚಟ ಅಲ್ಲ. ಕರೆದರೆ ಅವು ಸೇರುತ್ತವೆ, ಅವು ಎಲೆ ಕೆದಕಿದಾಗ ಏಳುವ ಹುಳ ಇದರ ಪಾಲಿಗೆ. ಸೇರಿದ್ದು ನಾವಿಬ್ಬರು, ಅಷ್ಟೇ!

ಮಳೆ ಜಾಸ್ತಿಯಾಯಿತು. ಮೋರಟಾಕಾ ಅನ್ನುವ ಇನ್ನೊಂದು ದಾರಿಯ ಆಸೆ ಬಿಟ್ಟು ಗೇಟಿನ ಹೊರಗಿನ ಚಹಾದಂಗಡಿಗೆ ಓಡಿದೆವು. ಕೈಯಲ್ಲಿ ಬಿಸಿ ಬಿಸಿ ಕಾಂದಾಭಜಿ, ಅದೇ ಈರುಳ್ಳಿ ಬಜ್ಜಿ. ಎದುರಿನ ಕೆಸರು ನೀರಿನ ಅಂಚಿನಲ್ಲಿ ಹಳದಿ ಹೊಟ್ಟೆಯ ಹಕ್ಕಿಯೊಂದು ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ಬೂದು ಸಿಪಿಲೆ. ಹಿಮಾಲಯದಿಂದಲೋ ಅದರಾಚೆಯಿಂದಲೋ ಚಳಿಗಾಲ ಕಳೆಯಲು ಬಂದದ್ದು.

“ನಮ್ಮ ತೀರ್ಥಹಳ್ಳಿ ಕಡೆ ಇದಕ್ಕೆ ಕುಂಡೆಕುಸ್ಕ ಅಂತಾರೆ ಶೆಟ್ರೇ,” ಅಂದೆ.

ಚಹಾ ಮೂಗಿಗೆ ಹತ್ತುವಷ್ಟು ನಕ್ಕರು. ಅಂಗಡಿಯಾಕೆ “ಕಾಯ್ ಝಾಲಂ?”, ಏನಾಯ್ತು ಅಂತ ಕೇಳಿದಳು. ಮರಾಠಿಯಲ್ಲಿ ಹೇಗೆ ಹೇಳುವುದು ಅಂತ ಇಬ್ಬರೂ ಮುಖ ಮುಖ ನೋಡಿಕೊಂಡೆವು.