ಹಳೇ ಟ್ರ್ಯಾಕ್ಟರ್ ನೋಡೋಕೆ ಹೋದರೆ ಮೊದಲು ಇಂಜಿನ್ ಮುಟ್ಟಿ ನೋಡಿ

ಟ್ರ್ಯಾಕ್ಟರ್ ರಿಪೇರಿ ನನ್ನ ಕೆಲಸ. ಹಳೇ ಗಾಡಿ ಕೊಳ್ಳುವವರು 'ಒಂದು ಸಲ ಬಂದು ನೋಡಿ' ಅಂತ ಕರೆಯುತ್ತಾರೆ. ಕೆಲಸ ಕಲಿತ ಹೊಸದರಲ್ಲಿ ಹೀಗೇ ಒಂದನ್ನು ನೋಡಿ 'ಚೆನ್ನಾಗಿದೆ, ತಗೊಳ್ಳಿ' ಅಂದಿದ್ದೆ. ಕೀ ತಿರುಗಿಸಿದ ಕೂಡಲೇ ಶುರುವಾಗಿತ್ತು, ಹೊಗೆಯೂ ಅಷ್ಟಾಗಿ ಇರಲಿಲ್ಲ. ಮರುದಿನ ಬೆಳಿಗ್ಗೆ ಕೊಂಡವರ ಮನೆ ಮುಂದೆ ಅದು ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆದ ಮೇಲೆ ಬಂದದ್ದು ನೀಲಿ ಹೊಗೆ. ನಾವು ಹೋಗುವ ಮೊದಲೇ ಮಾರುವವರು ಇಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರು; ಬಿಸಿಯಿದ್ದರೆ ಸವೆದ ಇಂಜಿನ್ ಕೂಡ ಸುಲಭವಾಗಿ ಶುರುವಾಗುತ್ತದೆ. ನಾನು ಮುಟ್ಟಿ ನೋಡಿರಲಿಲ್ಲ.

ಅಂದಿನಿಂದ ಹೋದ ಕೂಡಲೇ ಇಂಜಿನ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ಆರುವ ತನಕ ಕಾಯುತ್ತೇನೆ, ಇಲ್ಲಾಂದ್ರೆ ಇನ್ನೊಂದು ದಿನ ಬರುತ್ತೇನೆ. ತಣ್ಣಗಿರುವಾಗಲೇ ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಎಳೆದು ನೋಡಬೇಕು. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಸೇರಿದೆ. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲಬಾರದು.

ಶುರು ಮಾಡಿದಾಗಿನ ಹೊಗೆ ಸ್ವಲ್ಪ ಹೊತ್ತಿಗೆ ತಿಳಿಯಾಗಬೇಕು. ಕಪ್ಪು ಹೊಗೆ ಕಂಡು ಸುಮ್ನೆ ಹೆದರಬೇಡಿ, ಏರ್ ಫಿಲ್ಟರ್ ಕಟ್ಟಿರಬಹುದು, ಡೀಸೆಲ್ ಚಿಮ್ಮಿಸುವ ನಾಝಲ್ ಕೆಲಸ ಇರಬಹುದು. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಆಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಬುಸುಬುಸು ಅಂತ ನುಗ್ಗಿದರೆ ಪಿಸ್ಟನ್ನಿನ ರಿಂಗ್, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್ ಸವೆದಿರುವುದೇ ಹೆಚ್ಚು.

ಗಂಟೆ ತೋರಿಸುವ ಮೀಟರನ್ನು ನಾನು ನಂಬುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಕೇಬಲ್ ತುಂಡಾಗಿ ಅದು ಯಾವತ್ತೋ ನಿಂತಿರುತ್ತದೆ. ಕ್ಲಚ್ ಪೆಡಲ್ ನೋಡಿ. ಮೇಲಿನ ಗೀರೆಲ್ಲ ಅಳಿದು, ಒಂದು ಅಂಚು ತೆಳ್ಳಗಾಗಿ, ಕಬ್ಬಿಣ ಫಳಫಳ ಅನ್ನುತ್ತಿದ್ದು ಮೀಟರ್ ಮಾತ್ರ 2000 ಗಂಟೆ ತೋರಿಸಿದರೆ ಪೆಡಲನ್ನೇ ನಂಬಿ. ಹೊಸ ಬಣ್ಣ ರಬ್ಬರ್ ಪೈಪ್, ಗ್ರೀಸಿನ ಮೇಲೂ ಬಿದ್ದಿದ್ದರೆ ಆತುರದಲ್ಲಿ ಬಳಿದದ್ದು. ಅದರ ಅಡಿ ಎಲ್ಲಿ ಸೋರುತ್ತಿದೆ ಅಂತ ಹುಡುಕಿ.

ಎಲ್ಲರೂ ಮರೆಯುವುದು ಹಿಂದೆ ಕಟ್ಟಿದ ಸಲಕರಣೆ ಎತ್ತುವ ಲಿಫ್ಟ್. ಭಾರದ ಕಲ್ಟಿವೇಟರ್ ಕಟ್ಟಿ ಪೂರ್ತಿ ಎತ್ತಿಸಿ. ಅದು ಕುಕ್ಕಿ ಕುಕ್ಕಿ ಏರಿಳಿಯಬಾರದು. ಆಮೇಲೆ ಇಂಜಿನ್ ಆಫ್ ಮಾಡಿಸಿ, ಪಕ್ಕದಲ್ಲಿ ನಿಂತು ನೆಲದಿಂದ ಅದರ ಎತ್ತರಕ್ಕೆ ಒಂದು ಕಡ್ಡಿ ಮುರಿದು ಇಟ್ಟುಕೊಳ್ಳಿ. ಎತ್ತಿದ ಕಲ್ಟಿವೇಟರ್ ಕೆಳಗೆ ಕೈಕಾಲು ಚಾಚಲೇಬೇಡಿ. ಹತ್ತು ನಿಮಿಷ ಬಿಟ್ಟು ಅದೇ ಕಡ್ಡಿ ಹಿಡಿದು ನೋಡಿ. ಒಂದೆರಡು ಬೆರಳು ಇಳಿದಿದ್ದರೆ ಹಳೇ ಗಾಡಿಗೆ ನಾನು ಒಪ್ಪುತ್ತೇನೆ. ನೆಲ ಮುಟ್ಟಿದ್ದರೆ ಒಳಗೆ ಸೀಲೋ ವಾಲ್ವೋ ಸೋರುತ್ತಿದೆ.

ಬೆಲೆಗೆ ಬಂದರೆ, ಅದೇ ಮಾಡೆಲ್ ಒಳ್ಳೇ ಸ್ಥಿತಿಯಲ್ಲಿದ್ದರೆ ಎಷ್ಟಕ್ಕೆ ಹೋಗುತ್ತದೆ ಅಂತ ವಿಚಾರಿಸಿ, ಅದರಲ್ಲಿ ರಿಪೇರಿ ಖರ್ಚು ಕಳೆಯುತ್ತೇನೆ. ಹಿಂದಿನ ಟೈರ್ ಎರಡೇ ದೊಡ್ಡ ಮೊತ್ತ. ಕ್ಲಚ್ ಪ್ಲೇಟ್ ತಾನೇ ಅಂತ ಹಗುರಾಗಿ ಎಣಿಸಬೇಡಿ. ಬಹಳಷ್ಟು ಗಾಡಿಗಳಲ್ಲಿ ಅದನ್ನು ಬದಲಿಸಲು ಟ್ರ್ಯಾಕ್ಟರನ್ನೇ ನಡುವೆ ಎರಡು ಭಾಗ ಮಾಡಬೇಕು, ಪ್ಲೇಟಿಗಿಂತ ಕೂಲಿಯೇ ಜಾಸ್ತಿ ಆಗಬಹುದು. ಬಿಡಿಭಾಗ ಸಿಗದ ಮಾಡೆಲ್ ಎಷ್ಟೇ ಚೆನ್ನಾಗಿ ಓಡಲಿ, ನಾನು ಬೇಡ ಅಂತಲೇ ಹೇಳುತ್ತೇನೆ. ಇಂಜಿನ್ ನಂಬರ್, ಚಾಸಿ ನಂಬರ್ ಕಾಗದಕ್ಕೆ ಹೊಂದದಿದ್ದರೆ ಮುಂದಿನ ಮಾತೇ ಇಲ್ಲ.

ಆ ಮೊದಲ ಗಾಡಿಯ ಇಂಜಿನ್ ಆಮೇಲೆ ನಾನೇ ಬಿಚ್ಚಿದೆ. ಲೈನರ್ ಒಳಗೆ ಬೆರಳಾಡಿಸಿದರೆ ಮೇಲ್ಗಡೆ ಉಗುರು ತಡೆಯುವಷ್ಟು ಸವೆದಿತ್ತು. ಕೊಂಡವರಿಂದ ಸಾಮಾನಿನ ದುಡ್ಡು ಮಾತ್ರ ತಗೊಂಡೆ, ಕೂಲಿ ತಗೊಳ್ಳಲಿಲ್ಲ.