ದೇವಿಮನೆ ಘಟ್ಟದಲ್ಲಿ ಪದ್ಮಿನಿಯೂ ಆಲ್ಟೊವೂ

ಏಪ್ರಿಲ್ ಬಿಸಿಲಿಗೆ ಕುಮಟಾದಿಂದ ಶಿರಸಿಗೆ ಹೊರಟ ಎರಡು ಕಾರುಗಳಲ್ಲಿ ಒಂದು ಪ್ರೀಮಿಯರ್ ಪದ್ಮಿನಿ, ಇನ್ನೊಂದು ಆಲ್ಟೊ 800. ಕತಗಾಲದವರೆಗೆ ಎರಡೂ ಸರಿಸಮವಾಗಿ ಓಡಿದವು. ಪದ್ಮಿನಿಯದು 1089 ಸಿಸಿ, ಆಲ್ಟೊದ್ದು 796. ಎಂಜಿನ್ ದೊಡ್ಡದಾದರೂ ಪದ್ಮಿನಿಯ ಕಸುವು ತುಸು ಕಡಿಮೆ, ಮೈಭಾರ ಜಾಸ್ತಿ. ಆದರೆ ಘಟ್ಟದಲ್ಲಿ ಹಳೆ ಕಾರನ್ನು ನಿಲ್ಲಿಸುವುದು ಕಸುವಿನ ಕೊರತೆಯಲ್ಲ, ಬಿಸಿ.

ತಿರುವುಗಳಲ್ಲಿ ತುಂಬಿದ ಲಾರಿಯ ಹಿಂದೆ ಎರಡನೇ ಗೇರಿನಲ್ಲೇ ತೆವಳಿದ ಪದ್ಮಿನಿ ಜಗ್ಗತೊಡಗಿತು, ಆಮೇಲೆ ಬಂದ್ ಬಿತ್ತು. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹಿಡಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಪ್ಲಗ್ ಬಿಚ್ಚಲು ಕೂರುವವರೇ ಹೆಚ್ಚು. ಮೊದಲು ನೋಡಬೇಕಾದದ್ದು ಪೆಟ್ರೋಲ್ ಪಂಪು. ಅದು ಎಂಜಿನ್ನಿನ ಮೈಗೇ ಬೋಲ್ಟ್ ಆಗಿ ಕೂತಿದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಬೇಕು. ಹೀರುವ ಕಡೆ ಒತ್ತಡ ಕಡಿಮೆ, ಅದರ ಮೇಲೆ ಎಂಜಿನ್ ಕಾವು. ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತದೆ. ಆವಿಯನ್ನು ಎಳೆದು ತಳ್ಳಲು ಆ ಪಂಪಿಗೆ ಆಗುವುದಿಲ್ಲ. ಬಾನೆಟ್ ಎತ್ತಿ, ಪಂಪು ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಇಪ್ಪತ್ತು ನಿಮಿಷ ಬಿಟ್ಟರೆ ತಾನಾಗಿಯೇ ಹಿಡಿಯುತ್ತದೆ. ಹಿಡಿಯಿತು ಕೂಡ.

ಆಲ್ಟೊಗೆ ಈ ರಗಳೆ ಇಲ್ಲ. ಅದರ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುತ್ತದೆ, ಹೀರುವ ಬದಲು ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ಅಷ್ಟು ಸುಲಭಕ್ಕೆ ಕುದಿಯದು. ರೇಡಿಯೇಟರಿನ ಫ್ಯಾನೂ ಕರೆಂಟಿನದು, ಕಾರು ತೆವಳಿದರೂ ಬಿಸಿ ನೋಡಿ ತಾನೇ ಪೂರ್ಣ ವೇಗದಲ್ಲಿ ತಿರುಗುತ್ತದೆ. ಪದ್ಮಿನಿಯ ಫ್ಯಾನು ಬೆಲ್ಟಿನದು. ಎಂಜಿನ್ ನಿಧಾನವಾದಷ್ಟೂ ಗಾಳಿ ಕಡಿಮೆ.

ಹಾಗೆಂದು ಹಳೆಯದರ ಕೈ ಎಲ್ಲದರಲ್ಲೂ ಕೆಳಗಲ್ಲ. ಮಳೆಗಾಲದಲ್ಲಿ ಏರಿನ ಕೆಸರಿನಲ್ಲಿ, ಹಿಂದೆ ಮೂವರು ಕೂತಾಗ, ಆಲ್ಟೊದ ಮುಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಹೋಗುವುದರಿಂದ ಹಿಂದಿನ ಚಕ್ರದಿಂದ ಓಡುವ ಪದ್ಮಿನಿ ನೆಲ ಕಚ್ಚಿ ಹತ್ತುತ್ತದೆ.

ಇಳಿಯುವಾಗಿನ ಮಾತೇ ಬೇರೆ. ಪದ್ಮಿನಿಗೆ ನಾಲ್ಕೂ ಡ್ರಮ್ ಬ್ರೇಕ್, ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಇಲ್ಲ. ಒತ್ತಿ ಹಿಡಿದೇ ಇಳಿದರೆ ಡ್ರಮ್ ಕಾದು ಹಿಗ್ಗುತ್ತದೆ, ಪೆಡಲ್ ಕೆಳಗಿಳಿಯುತ್ತದೆ, ಲೈನಿಂಗ್ ಸುಟ್ಟ ವಾಸನೆ ಬರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆ ಡ್ರೈವರುಗಳ ಮಾತು ಇಲ್ಲಿ ಅಕ್ಷರಶಃ ಸರಿ. ಆಲ್ಟೊದ ಮುಂದೆ ಡಿಸ್ಕ್ ಇದೆ, ಬೂಸ್ಟರೂ ಇದೆ. ಆದರೆ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವವರು ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಆ ಬೂಸ್ಟರನ್ನು ಕಳೆದುಕೊಳ್ಳುತ್ತಾರೆ. ಉಳಿತಾಯದ ಲೆಕ್ಕವೂ ತಪ್ಪು: ಆಲ್ಟೊದಂಥ ಇಂಜೆಕ್ಷನ್ ಕಾರನ್ನು ಎಂಜಿನ್ ಆಫ್ ಮಾಡದೆ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನೇ ಕಡಿದುಬಿಡುತ್ತದೆ. ಎಂಜಿನ್ ಓಡುತ್ತಿರುವಾಗ ನ್ಯೂಟ್ರಲ್ ಮಾಡಿದರೇ ಖರ್ಚು.

ಕಾರವಾರದ ಕಡೆ ನಿಲ್ಲಿಸುವುದಾದರೆ ಉಪ್ಪುಗಾಳಿ ಎರಡನ್ನೂ ಬಿಡದು. ಪದ್ಮಿನಿಗೆ ಬಾಗಿಲ ಕೆಳಗಿನ ನೀರಿನ ತೂತುಗಳು ಕಟ್ಟಿಕೊಂಡರೆ ಒಳಗಿಂದ ತುಕ್ಕು ಹಿಡಿಯುತ್ತದೆ, ತಂತಿ ಹಾಕಿ ಬಿಡಿಸಬೇಕು. ಆಲ್ಟೊದಲ್ಲಿ ವೈರುಗಳನ್ನು ಜೋಡಿಸುವ ಕಪ್ಲರುಗಳು ಹಸಿರುಗಟ್ಟುತ್ತವೆ. ಬಿಚ್ಚಿ ಒರೆಸಿ ಒತ್ತಿದರೆ ಎಷ್ಟೋ ಸಲ ಚೆಕ್ ಎಂಜಿನ್ ದೀಪ ಆರುತ್ತದೆ, ಸ್ಕ್ಯಾನರ್ ಖರ್ಚು ಉಳಿಯುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ. ಪದ್ಮಿನಿಯ ಪೆಟ್ರೋಲ್ ಹೋಸ್‌ಗಳನ್ನೂ ಪಂಪಿನೊಳಗೆ ಪೆಟ್ರೋಲ್ ಎಳೆಯುವ ಪೊರೆಯಾದ ಡಯಾಫ್ರಾಮನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಇನ್ನೊಂದು ಡಯಾಫ್ರಾಮ್ ಡಿಕ್ಕಿಯಲ್ಲಿಟ್ಟುಕೊಂಡೇ ಘಟ್ಟ ಹತ್ತಿ.